ಗಾಡಿ ಮಾರಿದಿರಿ, ಹೆಸರು ಯಾರದು?

ಹುಬ್ಬಳ್ಳಿ-ಧಾರವಾಡದಲ್ಲಿ ಹಳೆ ಗಾಡಿಯ ವ್ಯಾಪಾರ ಎಷ್ಟು ಸಲೀಸು ಎಂಬುದು ನಿಮಗೇ ಗೊತ್ತು. ಬೆಳಿಗ್ಗೆ ಮೊಬೈಲಿನಲ್ಲಿ ಫೋಟೊ ಹಾಕುತ್ತೀರಿ. ಮಧ್ಯಾಹ್ನ ಗದಗದಿಂದಲೋ ಹಾವೇರಿಯಿಂದಲೋ ಒಬ್ಬ ಬರುತ್ತಾನೆ. ಗೋಕುಲ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ನೋಡುತ್ತಾನೆ, ಚೌಕಾಸಿ ಮಾಡುತ್ತಾನೆ, ರೊಕ್ಕ ಎಣಿಸುತ್ತಾನೆ. ನೀವು ಕೀಲಿ ಕೊಡುತ್ತೀರಿ. ಏಜೆಂಟ ಬೆರಳಿಟ್ಟು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕುತ್ತೀರಿ. ಸಂಜೆ ಗಿರ್ಮಿಟ್ ತಿಂದು, ಚಹಾ ಕುಡಿದು ಮನೆಗೆ ಹೋಗುತ್ತೀರಿ.

ಆಗ ಯಾರೋ ಒಬ್ಬ ಜಾಣ ಕಿವಿ ಊದುತ್ತಾನೆ: "ಗಾಡಿ ಹೋತಲ್ಲಪಾ, ಇನ್ನ ಇನ್ಶೂರನ್ಸ್ ಯಾಕ ಇಟ್ಕೊಂಡಿ? ಕ್ಯಾನ್ಸಲ್ ಮಾಡ್ಸು, ಉಳಿದ ರೊಕ್ಕ ವಾಪಸ್ ಬರ್ತೈತಿ."

ಮಾತು ಸುಳ್ಳಲ್ಲ. ರೊಕ್ಕ ಬರುತ್ತದೆ. ಆದರೆ ಆ ರೊಕ್ಕದ ಬೆನ್ನು ಹತ್ತುವ ಮೊದಲು ಒಂದೇ ಒಂದು ಪ್ರಶ್ನೆಗೆ ಉತ್ತರ ಹೇಳಿ. ಆ ಗಾಡಿಯ ಆರ್‌ಸಿಯಲ್ಲಿ ಇವತ್ತು ಯಾರ ಹೆಸರಿದೆ?

ನಿಮ್ಮದೇ ಇದೆಯೆ? ಹಾಗಿದ್ದರೆ ವಿಮೆ ರದ್ದು ಮಾಡಿಸುವುದೆಂದರೆ ನಿಮ್ಮ ಮನೆ ಬಾಗಿಲಿನ ಚಿಲಕವನ್ನು ನೀವೇ ಕಿತ್ತು ಗುಜರಿಗೆ ಹಾಕಿದಂತೆ.

ಕಾನೂನಿನ ಲೆಕ್ಕ ನಮ್ಮ ನಿಮ್ಮ ಲೆಕ್ಕದಂತಿಲ್ಲ. ದುಡ್ಡು ಕೊಟ್ಟವನು ಒಡೆಯ, ಕೀಲಿ ಇಟ್ಟುಕೊಂಡವನು ಒಡೆಯ ಎಂದು ನಾವು ತಿಳಿದಿದ್ದೇವೆ. 1988ರ ಮೋಟಾರು ವಾಹನ ಕಾಯಿದೆ ಹಾಗೆ ಹೇಳುವುದಿಲ್ಲ. ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅವನೇ ಒಡೆಯ ಎನ್ನುತ್ತದೆ. 2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟು ಇದನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳಿತು. ಮೂವರು ನ್ಯಾಯಮೂರ್ತಿಗಳ ಪೀಠ, ತೀರ್ಪು ಬರೆದವರು ನ್ಯಾ. ಡಿ.ವೈ. ಚಂದ್ರಚೂಡ್. ಆ ಪ್ರಕರಣ ಕೇಳಿದರೆ ನಿಮ್ಮ ನಿದ್ದೆ ಹಾರುತ್ತದೆ. ಒಬ್ಬ 2007ರಲ್ಲಿ ಗಾಡಿ ಮಾರಿದ್ದ. ಕೊಂಡವನು 2008ರಲ್ಲಿ ಇನ್ನೊಬ್ಬನಿಗೆ ಮಾರಿದ. ಅವನು ಮತ್ತೊಬ್ಬನಿಗೆ ಮಾರಿದ. 2009ರಲ್ಲಿ ಅಪಘಾತವಾಯಿತು. ಇಷ್ಟು ಕೈ ಬದಲಾದರೂ ಆರ್‌ಸಿಯಲ್ಲಿ ಮೊದಲಿನವನ ಹೆಸರೇ ಉಳಿದಿತ್ತು! ಪರಿಹಾರ ಕೊಡಬೇಕಾದವನು ಗಾಡಿಯನ್ನು ಕೊನೆಗೆ ಕೊಂಡವನು ಎಂದು ಹೈಕೋರ್ಟು ಹೇಳಿತ್ತು. ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ದಾಖಲೆಯಲ್ಲಿ ಹೆಸರಿರುವ ಮೊದಲ ಮಾಲೀಕನೇ ಹೊಣೆ ಎಂದಿತು. ಅಪಘಾತದಲ್ಲಿ ಸಿಕ್ಕ ಬಡಪಾಯಿ ಒಬ್ಬರಾದ ಮೇಲೊಬ್ಬ ಕೊಂಡವರನ್ನು ಹುಡುಕುತ್ತ ಊರೂರು ಅಲೆಯಬೇಕೆ? ಬೇಡ. ದಾಖಲೆಯಲ್ಲಿ ಯಾರಿದ್ದಾನೋ ಅವನನ್ನು ಕೇಳಲಿ. ತೀರ್ಪಿನ ತಿರುಳು ಇಷ್ಟೇ. ಸತ್ತವನ ಹೆಂಡತಿ ಮಕ್ಕಳ ಕಡೆಯಿಂದ ನೋಡಿದರೆ ಇದು ನ್ಯಾಯವೇ. ಮಾರಿದವನ ಕಡೆಯಿಂದ ನೋಡಿದರೆ ಸಿಡಿಲು.

ಸಿಡಿಲಿನ ತೂಕ ಎಷ್ಟು? ನೀವೇ ಲೆಕ್ಕ ಹಾಕಿ. ಮೂವತ್ತು ವರ್ಷದ ಒಬ್ಬ ದುಡಿಮೆಗಾರ, ಅಮರಗೋಳದ ಎಪಿಎಂಸಿಯಲ್ಲಿ ಸಣ್ಣ ವ್ಯಾಪಾರ, ತಿಂಗಳಿಗೆ 20,000 ಗಳಿಕೆ ಎನ್ನಿ. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ತಾಯಿ. ನೀವು ಮಾರಿದ ಗಾಡಿ ಅವನ ಮೇಲೆ ಹರಿಯಿತು. 2009 ಮತ್ತು 2017ರಲ್ಲಿ ಸುಪ್ರೀಂ ಕೋರ್ಟು ಹಾಕಿಕೊಟ್ಟ ಸೂತ್ರದ ಪ್ರಕಾರ ಅವನ ಗಳಿಕೆಗೆ ಮುಂದಿನ ಬೆಳವಣಿಗೆಯೆಂದು ಶೇ. 40 ಸೇರಿಸುತ್ತಾರೆ. ಅವನ ಸ್ವಂತ ಖರ್ಚೆಂದು ನಾಲ್ಕನೇ ಒಂದು ಭಾಗ ಕಳೆಯುತ್ತಾರೆ. ವರ್ಷಕ್ಕೆ ಉಳಿದದ್ದನ್ನು 17ರಿಂದ ಗುಣಿಸುತ್ತಾರೆ. ಬಂದ ಮೊತ್ತ 42,84,000 ರೂಪಾಯಿ. ಇದರ ಮೇಲೆ ಬಡ್ಡಿ, ಇತರೆ ಬಾಬತ್ತು ಬೇರೆ. ವಿಮೆ ಇದ್ದರೆ ಕಂಪನಿ ಕೊಡುತ್ತದೆ. ಸಾವು ನೋವಿನ ವಿಷಯದಲ್ಲಿ ಥರ್ಡ್ ಪಾರ್ಟಿ ವಿಮೆಗೆ ಮಿತಿಯೇ ಇಲ್ಲ. ವಿಮೆ ಇಲ್ಲದಿದ್ದರೆ? ಹುಬ್ಬಳ್ಳಿಯ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ನೀವು ಪ್ರತಿವಾದಿ. ಅಲ್ಲಿ ಸೋತರೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಮೇಲ್ಮನವಿ. ಅಪ್ಪ ಕಟ್ಟಿಸಿದ ಮನೆ, ನಿಮ್ಮ ಪಗಾರ, ಎಲ್ಲದರ ಮೇಲೂ ಕಣ್ಣು.

ಈಗ ಇನ್ನೊಂದು ತಕ್ಕಡಿಗೆ ಬನ್ನಿ. ವಿಮೆ ರದ್ದು ಮಾಡಿಸಿದರೆ ಬರುವ ರೊಕ್ಕ ಎಷ್ಟು? ಸಾಧಾರಣ ಕಾರೊಂದರ ಲೆಕ್ಕ ಹಿಡಿಯೋಣ. 1000ದಿಂದ 1500 ಸಿಸಿ ಕಾರಿಗೆ 2022ರ ಜೂನ್ 1ರಿಂದ ಜಾರಿಗೆ ಬಂದ ಥರ್ಡ್ ಪಾರ್ಟಿ ದರ ವರ್ಷಕ್ಕೆ 3,416 ರೂಪಾಯಿ. ಸ್ವಂತ ಗಾಡಿಯ ಹಾನಿಗೆ ಕಟ್ಟುವ ಕಂತು, ನಿಮಗಿದ್ದ ಬೋನಸ್ ಕಳೆದು, 6,000 ಎನ್ನಿ. ತೆರಿಗೆ ಬಿಟ್ಟು ಒಟ್ಟು 9,416. ಐದು ತಿಂಗಳು ಓಡಿಸಿ ಮಾರಿದಿರಿ. ಮೊದಲಿದ್ದ ಪದ್ಧತಿಯಲ್ಲಿ ಐದು ತಿಂಗಳಿಗೇ ಕಂಪನಿ ಶೇ. 60 ಹಿಡಿದುಕೊಳ್ಳುತ್ತಿತ್ತು, ನಿಮಗೆ ಸಿಗುತ್ತಿದ್ದದ್ದು ಸುಮಾರು 3,770. 2024ರ ಜೂನ್ 11ರಂದು ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಸುತ್ತೋಲೆ ಈ ಅನ್ಯಾಯವನ್ನು ತಪ್ಪಿಸಿತು. ಈಗ ಪಾಲಿಸಿದಾರ ಕಾರಣ ಹೇಳದೆಯೂ ಪಾಲಿಸಿ ರದ್ದು ಮಾಡಬಹುದು. ಒಂದು ವರ್ಷದ ಪಾಲಿಸಿಯಾಗಿದ್ದು, ಕ್ಲೇಮು ಮಾಡಿರದಿದ್ದರೆ ಉಳಿದ ದಿನಗಳ ಕಂತನ್ನು ಲೆಕ್ಕ ಹಾಕಿ ವಾಪಸು ಕೊಡಬೇಕು. ಆ ಪ್ರಕಾರ ಏಳು ತಿಂಗಳಿಗೆ ಸುಮಾರು 5,490 ರೂಪಾಯಿ.

ಒಂದು ಕಡೆ 5,490. ಇನ್ನೊಂದು ಕಡೆ 42 ಲಕ್ಷ 84 ಸಾವಿರ. ಕಿವಿ ಊದಿದ ಜಾಣನಿಗೆ ಈ ಲೆಕ್ಕ ಬರುತ್ತದೆಯೆ ಕೇಳಿ ನೋಡಿ.

ಹಾಗಾದರೆ ರದ್ದು ಮಾಡಿಸಲೇಬಾರದೆ? ಮಾಡಿಸಿ, ಧಾರಾಳವಾಗಿ ಮಾಡಿಸಿ. ಅದು ನಿಮ್ಮ ಹಕ್ಕು, ಒಂದು ಪೈಸೆಯನ್ನೂ ಕಂಪನಿಗೆ ಬಿಟ್ಟುಕೊಡಬೇಡಿ. ನನ್ನ ತಕರಾರು ಇರುವುದು ಸರದಿಯ ಬಗ್ಗೆ. ಮೊದಲು ಹೆಸರು, ಆಮೇಲೆ ವಿಮೆ. ಕೊಂಡವನ ಹೆಸರು ಆರ್‌ಸಿಗೆ ಏರಬೇಕು, ಅವನ ಹೆಸರಿನಲ್ಲಿ ಬೇರೆ ಪಾಲಿಸಿ ಆಗಬೇಕು, ಆಮೇಲೆ ನಿಮ್ಮದು ರದ್ದಾಗಬೇಕು. ಕಂಪನಿಯವರೂ ಗಾಡಿಗೆ ಬೇರೆ ಕಡೆ ವಿಮೆ ಆಗಿದೆಯೆಂಬ ಪುರಾವೆ ಕೇಳುತ್ತಾರೆ. ವಿಮೆಯಿಲ್ಲದ ಗಾಡಿ ರಸ್ತೆಗೆ ಇಳಿಯುವಂತಿಲ್ಲವಲ್ಲ! ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2,000, ಎರಡನೆಯದಕ್ಕೆ 4,000 ದಂಡ, ಜೈಲೂ ಆಗಬಹುದು.

ಇನ್ನೊಂದು ಸಂಗತಿಯನ್ನು ಏಜೆಂಟರು ಹೇಳುವುದೇ ಇಲ್ಲ. ಅದೇ ಕಾಯಿದೆಯ 157ನೇ ಕಲಮಿನ ಪ್ರಕಾರ ಗಾಡಿ ಮಾರಿದ ದಿನದಿಂದ ಅದರ ಥರ್ಡ್ ಪಾರ್ಟಿ ವಿಮೆಯೂ ಕೊಂಡವನ ಕಡೆಗೆ ತಾನಾಗಿ ಹೋಗುತ್ತದೆ. ಅವನು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು. ಗಾಡಿಗೆ ಆಗುವ ಸ್ವಂತ ಹಾನಿಯ ವಿಮೆ ಮಾತ್ರ ಹಾಗೆ ತಾನಾಗಿ ಹೋಗುವುದಿಲ್ಲ, ಅದಕ್ಕೆ ಕಂಪನಿ ಒಪ್ಪಬೇಕು ಎಂದು 1995ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಕೊಂಡವನು ಈ 14 ದಿನವನ್ನು ಮರೆತರೆ ಅವನ ಗಾಡಿ ಜಜ್ಜಿದಾಗ ಅವನಿಗೆ ಬಿಡಿಗಾಸೂ ಸಿಗದೇ ಹೋಗಬಹುದು. ಆದ್ದರಿಂದ ಹಳೆ ಗಾಡಿ ಕೊಳ್ಳುವ ತಮ್ಮಂದಿರೂ ಇದನ್ನು ಓದಿ. ಮಾರುವವರು, ನಿಮ್ಮ ಪಾಲಿಸಿಯಲ್ಲಿ ಇನ್ನೂ ಹತ್ತು ತಿಂಗಳು ಉಳಿದಿದ್ದರೆ ರದ್ದು ಮಾಡುವ ರಗಳೆಯನ್ನೇ ಬಿಡಿ. ಅದನ್ನು ಕೊಂಡವನಿಗೇ ದಾಟಿಸಿ, ಆ ಮೊತ್ತವನ್ನು ಗಾಡಿಯ ಬೆಲೆಯಲ್ಲೇ ಸೇರಿಸಿ ಚೌಕಾಸಿ ಮಾಡಿ. ಅದೇ ಜಾತಿಯ ಇನ್ನೊಂದು ಗಾಡಿ ಕೊಳ್ಳುತ್ತಿದ್ದರೆ ಹಳೆ ಪಾಲಿಸಿಯನ್ನು ಅದಕ್ಕೇ ತಿರುಗಿಸಲೂಬಹುದು.

ಹೆಸರು ಬದಲಾಗುವುದು ಏಕೆ ಇಷ್ಟು ತಡ? ಇಲ್ಲೇ ಇರುವುದು ಆಟ. ಕಾಯಿದೆ ಸ್ಪಷ್ಟವಾಗಿದೆ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನದೊಳಗೆ ಫಾರ್ಮ್ 29ರಲ್ಲಿ ಆರ್‌ಟಿಓಗೆ ತಿಳಿಸಬೇಕು. ಕೊಂಡವನು 30 ದಿನದೊಳಗೆ ಫಾರ್ಮ್ 30 ಕೊಡಬೇಕು. ಕೆಎ 25 ಇರಲಿ, ಕೆಎ 63 ಇರಲಿ, ನಿಯಮ ಒಂದೇ. ಆದರೆ ಮಧ್ಯವರ್ತಿ ವ್ಯಾಪಾರಿಗೆ ತನ್ನ ಹೆಸರು ಆರ್‌ಸಿಯಲ್ಲಿ ಬರುವುದು ಬೇಡ. ಬಂದರೆ ಗಾಡಿ 'ಸೆಕೆಂಡ್ ಓನರ್' ಆಗುತ್ತದೆ, ಮುಂದೆ ಕೊಳ್ಳುವವನಿಗೆ 'ಥರ್ಡ್ ಓನರ್', ಬೆಲೆ ಬೀಳುತ್ತದೆ. ಅದಕ್ಕೇ ಅವನು ನಿಮ್ಮಿಂದ ದಿನಾಂಕವಿಲ್ಲದ, ಕೊಂಡವನ ಹೆಸರಿಲ್ಲದ ಖಾಲಿ ಫಾರ್ಮಿಗೆ ಸಹಿ ಹಾಕಿಸಿಕೊಳ್ಳುತ್ತಾನೆ. ಗಿರಾಕಿ ಸಿಗುವವರೆಗೆ ಗಾಡಿ ಅವನದು, ಹೊಣೆ ನಿಮ್ಮದು! ಅಷ್ಟರಲ್ಲಿ ಅವನ ಅಳಿಯ ಅದರಲ್ಲಿ ಗೋವಾ ಟ್ರಿಪ್ ಮುಗಿಸಿ ಬಂದಿರುತ್ತಾನೆ.

ಗೆಳೆಯರೇ, ಖಾಲಿ ಚೆಕ್ಕಿಗೆ ಸಹಿ ಹಾಕಿ ಗುರುತಿಲ್ಲದವನ ಕೈಗೆ ಕೊಡುತ್ತೀರಾ? ಇಲ್ಲ ತಾನೆ? ಖಾಲಿ ಫಾರ್ಮ್ 29 ಅದಕ್ಕಿಂತ ಅಪಾಯ. ಚೆಕ್ಕಿನಲ್ಲಿ ಹೋಗುವುದು ಖಾತೆಯಲ್ಲಿರುವಷ್ಟು ರೊಕ್ಕ ಮಾತ್ರ.

ಈ ಆಟಕ್ಕೆ ಕಡಿವಾಣ ಹಾಕಲು ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ನಿಯಮ ತಿದ್ದಿತು. 2023ರ ಏಪ್ರಿಲ್ 1ರಿಂದ ಹಳೆ ಗಾಡಿಯ ವ್ಯಾಪಾರಿ ಆರ್‌ಟಿಓದಿಂದ ಅಧಿಕಾರಪತ್ರ ಪಡೆದಿರಬೇಕು. ಅಂಥವನಿಗೆ ಗಾಡಿ ಒಪ್ಪಿಸಿದ್ದನ್ನು ಫಾರ್ಮ್ 29ಸಿ ಮೂಲಕ ತಿಳಿಸಿದರೆ, ಅಂದಿನಿಂದ ಅವನೇ ಒಡೆಯನೆಂದು ಲೆಕ್ಕ, ಮುಂದಿನದಕ್ಕೆಲ್ಲ ಅವನೇ ಜವಾಬ್ದಾರ. ಕಾಗದದ ಮೇಲೆ ಸೊಗಸಾದ ನಿಯಮ. ಆದರೆ ವ್ಯಾಪಾರಿಯ ಅಂಗಡಿಗೆ ಹೋಗಿ ಅಧಿಕಾರಪತ್ರ ತೋರಿಸಿ ಎಂದು ಕೇಳಿದವರು ನಿಮ್ಮಲ್ಲಿ ಎಷ್ಟು ಮಂದಿ? ಕೇಳಿ. "ಅದೆಲ್ಲಾ ಬ್ಯಾಡ್ರಿ, ನಾವ್ ನೋಡ್ಕೋತೀವಿ" ಎಂದರೆ ಗಾಡಿ ತಿರುಗಿಸಿಕೊಂಡು ಬನ್ನಿ.

ಬೆಳಗಾವಿ ದಾಟಿ ಕೊಲ್ಲಾಪುರದವನು ಬಂದರೆ, ಗೋವೆಯವನು ಬಂದರೆ, ಎರಡು ಪಟ್ಟು ಎಚ್ಚರ ಬೇಕು. ಫಾರ್ಮ್ 28ರ ನಿರಾಕ್ಷೇಪಣಾ ಪತ್ರವಿಲ್ಲದೆ ಬೇರೆ ರಾಜ್ಯದಲ್ಲಿ ಹೆಸರು ಬದಲಾಗುವುದಿಲ್ಲ. ಅದನ್ನು ತೆಗೆದುಕೊಡದೆ ಗಾಡಿ ಕಳಿಸಿದರೆ ಅದು ಅಲ್ಲಿ ಓಡುತ್ತಲೇ ಇರುತ್ತದೆ, ನಿಮ್ಮ ಹೆಸರಿನಲ್ಲಿ.

ಕೊಂಡವನು ಹೆಸರು ಬದಲಾಯಿಸದೆ ಸತಾಯಿಸಿದರೆ? ಫಾರ್ಮ್ 29ನ್ನು ನೀವೇ ತುಂಬಿ ಆರ್‌ಟಿಓಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಗಾಡಿ ಒಪ್ಪಿಸಿದ ದಿನ, ವೇಳೆ ಬರೆದ ಪತ್ರಕ್ಕೆ ಅವನ ಸಹಿ ಇರಲಿ, ಅವನ ಆಧಾರ್ ಪ್ರತಿ ಇರಲಿ. ಪೊಲೀಸರು ಬಂದಾಗ ಇವು ಉಪಯೋಗಕ್ಕೆ ಬರುತ್ತವೆ. ಆದರೆ 2018ರ ತೀರ್ಪಿನ ಮುಂದೆ ಇವಿಷ್ಟೇ ಸಾಲವು. ಆದ್ದರಿಂದ ಹೆಸರು ಬದಲಾಗುವವರೆಗೆ ವಿಮೆ ಜೀವಂತ ಇರಲಿ. ಅವಧಿ ಮುಗಿಯುತ್ತ ಬಂದರೆ ಥರ್ಡ್ ಪಾರ್ಟಿಯನ್ನಾದರೂ ನಿಮ್ಮ ಕೈಯಿಂದ ಕಟ್ಟಿ ನವೀಕರಿಸಿ. "ಮಾರಿದ ಗಾಡಿಗೆ ನಾ ಯಾಕ್ರೀ ಕಟ್ಲಿ?" ಎಂದು ಸಿಟ್ಟು ಬರುತ್ತದೆ, ಗೊತ್ತು. 75ರಿಂದ 150 ಸಿಸಿಯ ಬೈಕಿಗೆ ಅದು 714 ರೂಪಾಯಿ. 2011ರ ಒಂದು ತೀರ್ಪಿನಲ್ಲಿ, ಗಾಡಿ ಮಾರಾಟವಾಗಿದ್ದರೂ ದಾಖಲೆಯಲ್ಲಿರುವ ಹಳೆ ಮಾಲೀಕನ ಹೆಸರಿನಲ್ಲೇ ವಿಮೆ ನಡೆಯುತ್ತಿದ್ದುದರಿಂದ ಕಂಪನಿಯೇ ಪರಿಹಾರ ತೆರಬೇಕೆಂದು ಸುಪ್ರೀಂ ಕೋರ್ಟು ಹೇಳಿದೆ. 714 ರೂಪಾಯಿಯ ಬೆಲೆ ಏನೆಂದು ಈಗ ತಿಳಿಯಿತೆ?

ನೋ ಕ್ಲೇಮ್ ಬೋನಸ್ ಎಂಬ ಇನ್ನೊಂದು ಗಂಟಿದೆ, ಇದನ್ನಂತೂ ನಮ್ಮವರು ದಾನ ಮಾಡಿಬಿಡುತ್ತಾರೆ. ಕ್ಲೇಮು ಮಾಡದ ಪ್ರತಿ ವರ್ಷಕ್ಕೂ ಸ್ವಂತ ಹಾನಿಯ ಕಂತಿನಲ್ಲಿ ರಿಯಾಯಿತಿ ಏರುತ್ತ ಹೋಗುತ್ತದೆ: 20, 25, 35, 45, ಐದು ವರ್ಷಕ್ಕೆ ಶೇ. 50. ಇದು ಗಾಡಿಯ ಆಸ್ತಿಯಲ್ಲ, ನಿಮ್ಮ ಆಸ್ತಿ. ಗಾಡಿ ಮಾರಿದರೂ ನಿಮ್ಮ ಜೊತೆ ಬರುತ್ತದೆ. ಕಂಪನಿಯಿಂದ ಬೋನಸ್ ಕಾಯ್ದಿರಿಸಿದ ಪತ್ರ ತೆಗೆದುಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಹೊಸ ಗಾಡಿಗೆ ಹಚ್ಚಬಹುದು. ಹೊಸ ಕಾರಿನ ಸ್ವಂತ ಹಾನಿಯ ಕಂತು 20,000 ಇದ್ದರೆ ಉಳಿತಾಯ 10,000. ರದ್ದು ಮಾಡಿಸಿ ಪಡೆಯುವ 5,490ಕ್ಕಿಂತ ದೊಡ್ಡದು! ಪತ್ರ ಕೇಳದೆ ಬಂದರೆ ಐದು ವರ್ಷ ಕಾದು ಓಡಿಸಿದ ಫಲ ಗಾಳಿಗೆ.

ಇಷ್ಟೆಲ್ಲ ನಿಮ್ಮ ಪಾಲಿಸಿಯ ಕಾಗದದಲ್ಲೇ ಇದೆಯಲ್ಲ, ನೀವು ಓದಲಿಲ್ಲವೆ ಎಂದು ಕಂಪನಿಯವರು ಕೇಳುತ್ತಾರೆ. ಓದುವುದು ಹೇಗೆ ಸ್ವಾಮಿ? ಅದು ಇರುವುದು ಇಂಗ್ಲಿಷಿನಲ್ಲಿ. ಅದೂ ಲಾಯರುಗಳ ಇಂಗ್ಲಿಷು, ಇರುವೆ ಸಾಲಿನಂಥ ಅಕ್ಷರ. ಬಿ.ಇ. ಮುಗಿಸಿದ ಹುಡುಗರೇ ಎರಡನೇ ಪುಟಕ್ಕೆ ಮಡಚಿ ಇಡುತ್ತಾರೆ. ಹಮಾಲಿ ಮಾಡಿ, ಸಾಲ ಮಾಡಿ ಗೂಡ್ಸ್ ಗಾಡಿ ಕೊಂಡವನ ಪಾಡೇನು? 1970ರ ದಶಕದಲ್ಲಿ ರಾಷ್ಟ್ರೀಕರಣವಾದಾಗ ರೂಪುಗೊಂಡ ನಾಲ್ಕು ಸರಕಾರಿ ಸಾಮಾನ್ಯ ವಿಮಾ ಕಂಪನಿಗಳ ಮುಖ್ಯ ಕಚೇರಿ ಎಲ್ಲೆಲ್ಲಿವೆ ನೋಡಿ: ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈ. ನಿಯಂತ್ರಣ ಪ್ರಾಧಿಕಾರ ಹೈದರಾಬಾದಿನಲ್ಲಿ. ಕಂತು ಕಟ್ಟುವವನು ಹಳೇ ಹುಬ್ಬಳ್ಳಿಯಲ್ಲಿ. 2002ರಲ್ಲಿ ಪ್ರಾಧಿಕಾರ ಮಾಡಿದ ಪಾಲಿಸಿದಾರರ ಹಿತರಕ್ಷಣೆಯ ನಿಯಮದಲ್ಲೇ, ವಿಮೆಯ ಫಾರ್ಮು ದಾಖಲೆಗಳನ್ನು ಸಂವಿಧಾನ ಮಾನ್ಯ ಮಾಡಿದ ಭಾಷೆಗಳಲ್ಲಿ ಸಂದರ್ಭ ನೋಡಿಕೊಂಡು ಒದಗಿಸಬಹುದು ಎಂಬ ಮಾತಿತ್ತು. 'ಒದಗಿಸಬಹುದು'! 'ಒದಗಿಸಬೇಕು' ಅಲ್ಲ. ಈ ಒಂದು ಕ್ರಿಯಾಪದದ ಸಂದಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದವು. ಜಾಹೀರಾತು ಮಾತ್ರ ಅಚ್ಚ ಕನ್ನಡದಲ್ಲಿ ಬರುತ್ತದೆ. ದುಡ್ಡು ಕೇಳುವಾಗ ಕನ್ನಡ ಬರುವವರಿಗೆ ಷರತ್ತು ಹೇಳುವಾಗ ನಾಲಗೆ ಹೊರಳುವುದಿಲ್ಲವೆ?

1982ರ ಗೋಕಾಕ ಚಳವಳಿಯಲ್ಲಿ ಬೀದಿಗಿಳಿದ ಊರು ನಮ್ಮ ಧಾರವಾಡ. ಅಂದು ಕೇಳಿದ್ದು ಶಾಲೆಯಲ್ಲಿ ಕನ್ನಡ. ಬದುಕಿನ ಕಾಗದಪತ್ರದಲ್ಲಿ ಕನ್ನಡ ಕೇಳುವ ಕೆಲಸ ನಿಮ್ಮ ಪೀಳಿಗೆಯ ಪಾಲಿಗೆ ಉಳಿದಿದೆ. ಇದಕ್ಕೆ ಮೆರವಣಿಗೆ ಬೇಕಿಲ್ಲ, ಕಲ್ಲು ತೂರುವುದಂತೂ ಬೇಡವೇ ಬೇಡ. ಒಂದು ಹಾಳೆ ಸಾಕು. ಆರ್‌ಸಿ ಬದಲಾದದ್ದನ್ನು ಪರಿವಾಹನ್ ತಾಣದಲ್ಲಿ ನಿಮ್ಮ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಕಂಪನಿಗೆ ಹೀಗೆ ಬರೆಯಿರಿ:

"ನನ್ನ ಕಾರನ್ನು ಇಂಥ ದಿನ ಮಾರಿದ್ದೇನೆ. ಇಂಥ ದಿನ ಆರ್‌ಸಿ ಕೊಂಡವರ ಹೆಸರಿಗೆ ಬದಲಾಗಿದೆ. ಅವರು ಬೇರೆ ಪಾಲಿಸಿ ಮಾಡಿಸಿದ್ದಾರೆ. ಎರಡರ ಪ್ರತಿಗಳನ್ನೂ ಇದರೊಂದಿಗೆ ಇಟ್ಟಿದ್ದೇನೆ. ನನ್ನ ಪಾಲಿಸಿಯನ್ನು ರದ್ದು ಮಾಡಿ ಉಳಿದ ಅವಧಿಯ ಕಂತನ್ನು ನನ್ನ ಬ್ಯಾಂಕ್ ಖಾತೆಗೆ ಜಮಾ ಮಾಡಿ. ನೋ ಕ್ಲೇಮ್ ಬೋನಸ್ ಕಾಯ್ದಿರಿಸಿದ ಪತ್ರ ಕೊಡಿ. ನಿಮ್ಮ ಉತ್ತರವನ್ನೂ, ನಾನು ಸಹಿ ಹಾಕಬೇಕಾದ ಫಾರ್ಮುಗಳನ್ನೂ ಕನ್ನಡದಲ್ಲಿ ಕಳಿಸಿ."

ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಖೆಯ ಮೊಹರು ಹಾಕಿಸಿಕೊಳ್ಳಿ. ಮಿಂಚಂಚೆಯಲ್ಲೂ ಕಳಿಸಿ. ಕೌಂಟರಿನಲ್ಲಿ ಕೂತವನು "ಇಂಗ್ಲಿಷ್‌ನ್ಯಾಗ ಬರಕೊಂಡ್ ಬರ್ರಿ" ಎಂದರೆ ಹಾಗೆಂದು ಬರೆದುಕೊಡಲು ಹೇಳಿ. ಬರೆದುಕೊಡುವುದಿಲ್ಲ, ಅರ್ಜಿ ತೆಗೆದುಕೊಳ್ಳುತ್ತಾನೆ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಜಗ್ಗದಿದ್ದರೆ ಪ್ರಾಧಿಕಾರದ ಸಹಾಯವಾಣಿ 155255ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಿ. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಧಾರವಾಡದಲ್ಲೇ ಇರುವ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ.

ಹಾಂ, ಗಾಜಿನ ಮೇಲಿನ ಫಾಸ್ಟ್ಯಾಗ್ ಕಿತ್ತು ಖಾತೆ ಮುಚ್ಚಿಸಿದಿರಾ? ಇಲ್ಲದಿದ್ದರೆ ಕೊಂಡವನ ಟೋಲೂ ನಿಮ್ಮ ಲೆಕ್ಕಕ್ಕೇ.